ಹಾಸಿಗೆ ಇದ್ದಷ್ಟೇ ಕಾಲು ಚಾಚಿದ ಐಬಾರ್

ಒಬ್ಬ ವಿದ್ಯಾರ್ಥಿ ವರ್ಷವಿಡೀ ಕಷ್ಟಪಟ್ಟು ಓದಿ ತರಗತಿಗೇ ಮೊದಲಿಗನಾಗಿ ತೇರ್ಗಡೆಯಾದ ಎಂದಿಟ್ಟುಕೊಳ್ಳಿ. ಫಲಿತಾಂಶ ಬಂದ ಮೇಲೆ ಶಾಲೆಯವರು ಅವನನ್ನು ಕರೆದು, ‘ನೀನು ಮೊದಲಿಗನಾಗಿರುವುದೇನೋ ನಿಜ. ಆದರೆ ನಿಮ್ಮ ಮನೆಯವರ ಬಳಿ ಇಂತಿಷ್ಟು ಬಂಡವಾಳವಿದೆ ಎಂದು ತೋರಿಸದಿದ್ದರೆ ಮೇಲಿನ ತರಗತಿಯ ಮಾತು ಹಾಗಿರಲಿ, ಈಗಿನ ತರಗತಿಯಲ್ಲೂ ಜಾಗವಿಲ್ಲ. ಅದಕ್ಕೂ ಕೆಳಗಿನ ತರಗತಿಗೆ ಹೋಗಬೇಕು’ ಎಂದರೆ ಹೇಗಿದ್ದೀತು? ಆ ಮನೆಯವರು ಯಾರ ಬಳಿಯೂ ಒಂದು ಪೈಸೆ ಸಾಲ ಮಾಡಿದವರಲ್ಲ ಎಂಬುದನ್ನೂ ಜೊತೆಗೆ ಸೇರಿಸಿಕೊಳ್ಳಿ.

ಕಟ್ಟುಕಥೆಯಂತೆ ಕೇಳುವ ಈ ಪರಿಸ್ಥಿತಿ 2014ರಲ್ಲಿ ಸ್ಪೇನ್ ದೇಶದ ಒಂದು ಫುಟ್‌ಬಾಲ್ ಕ್ಲಬ್ಬಿಗೆ ನಿಜವಾಗಿಯೂ ಒದಗಿತು. ಕ್ಲಬ್ಬಿನ ಹೆಸರು ಐಬಾರ್. ಆ ವರ್ಷ ಅದು ಸ್ಪೇನಿನ ಎರಡನೆಯ ಡಿವಿಷನ್‌ನಲ್ಲಿ ಮೊದಲ ಸ್ಥಾನ ಗಳಿಸಿ, ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ‘ಲಾ ಲಿಗಾ’ ಎಂದು ಜಗತ್ತಿಗೆಲ್ಲ ಪರಿಚಿತವಾದ ಮೊದಲನೆಯ ಡಿವಿಷನ್‌ಗೆ ಬಡ್ತಿ ಪಡೆದಿತ್ತು. ರಿಯಾಲ್ ಮ್ಯಾಡ್ರಿಡ್, ಬಾರ್ಸಿಲೋನಾಗಳ ಸಾಲಿನಲ್ಲಿ ಕೂರುವ ಭಾಗ್ಯ ಬಂದ ಹೊತ್ತಿಗೇ ಮೂರನೆಯ ಡಿವಿಷನ್‌ಗೆ ಜಾರಿ ಬೀಳುವ ಭೀತಿಯೂ ಬಂತು. ಕಾರಣ ಆಟವಲ್ಲ, ಕಾನೂನು. ಒಂದು ವರ್ಷ ಕಳೆಯುವಷ್ಟರಲ್ಲಿ ಅದೇ ಐಬಾರ್ ಆಟದಲ್ಲಿ ಸೋತು ಕೆಳಗಿಳಿದಾಗ ಅದನ್ನು ಉಳಿಸಿದ್ದೂ ಆಟವಲ್ಲ, ಲೆಕ್ಕಪತ್ರ! ಈ ಎರಡು ಘಟನೆಗಳ ನಡುವಿನ ಒಂದು ವರ್ಷದ ಕಥೆ ಕ್ರೀಡಾಸಕ್ತರಿಗೆ ಮಾತ್ರವಲ್ಲ, ಕೂಡು-ಕಳೆ ಲೆಕ್ಕ ಕಲಿಯುವ ಮಕ್ಕಳಿಗೂ ಮನೆಯ ಖರ್ಚು ತೂಗಿಸುವ ಹಿರಿಯರಿಗೂ ತಿಳಿದಿರಬೇಕಾದದ್ದು.

ಬಂದೂಕು, ಬೈಸಿಕಲ್, ಹೊಲಿಗೆ ಯಂತ್ರ

ಸ್ಪೇನಿನ ಉತ್ತರದಲ್ಲಿ ಬಾಸ್ಕ್ ಜನರ ನಾಡಿದೆ. ಅವರ ಭಾಷೆ ಸ್ಪ್ಯಾನಿಷ್‌ಗಿಂತ ತೀರ ಬೇರೆಯಾದದ್ದು. ಈ ನಾಡಿನ ಗಿಪುಸ್ಕೋವಾ ಪ್ರಾಂತದಲ್ಲಿ, ಬಿಲ್ಬಾವೊ ಮತ್ತು ಸಾನ್ ಸೆಬಾಸ್ಟಿಯನ್ ನಗರಗಳ ನಡುವೆ, ಏಗೊ ಎಂಬ ಚಿಕ್ಕ ನದಿಯ ಇಕ್ಕಟ್ಟಾದ ಕಣಿವೆಯಲ್ಲಿ ಐಬಾರ್ ಪಟ್ಟಣವಿದೆ. ಜನಸಂಖ್ಯೆ ಸುಮಾರು 27 ಸಾವಿರ. ಎಂದರೆ ನಮ್ಮ ಕಡೆಯ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು. ಸುತ್ತಲೂ ಹಸಿರು ಗುಡ್ಡಗಳು. ಸಮತಟ್ಟಾದ ನೆಲವೇ ದುರ್ಲಭವಾದ್ದರಿಂದ ಕಾರ್ಖಾನೆಗಳೂ ಹಲವು ಅಂತಸ್ತಿನ ವಸತಿ ಕಟ್ಟಡಗಳೂ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ.

ಇಲ್ಲಿನವರು ಶತಮಾನಗಳಿಂದ ಕಬ್ಬಿಣದ ಕೆಲಸದಲ್ಲಿ ಪಳಗಿದವರು. ಬಂದೂಕು ತಯಾರಿಕೆ ಊರಿನ ಹಳೆಯ ಕಸುಬು. ಉಕ್ಕಿನ ಮೇಲೆ ಚಿನ್ನದ ಎಳೆಗಳನ್ನು ಕೂರಿಸಿ ಚಿತ್ತಾರ ಬಿಡಿಸುವ ಕುಶಲಕಲೆಯಲ್ಲೂ ಐಬಾರ್‌ಗೆ ದೊಡ್ಡ ಹೆಸರು. ಹತ್ತೊಂಬತ್ತನೆಯ ಶತಮಾನದ ಪ್ಲಾಸಿದೊ ಸುಲೋಗಾ ಈ ಕಲೆಯ ಮಹಾ ನಿಪುಣ. 1870ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಅವನ ಮಗ ಇಗ್ನಾಸಿಯೊ ಸುಲೋಗಾ ಹೆಸರಾಂತ ವರ್ಣಚಿತ್ರಕಾರನಾದ. ಕಸುಬನ್ನು ಶಾಸ್ತ್ರೀಯವಾಗಿ ಕಲಿಸಬೇಕೆಂದು 1912ರಲ್ಲಿ ಊರಿನಲ್ಲಿ ಒಂದು ತಾಂತ್ರಿಕ ಶಾಲೆಯೂ ಹುಟ್ಟಿಕೊಂಡಿತು.

ಮೊದಲನೆಯ ಮಹಾಯುದ್ಧ ಮುಗಿದು ಬಂದೂಕಿನ ಬೇಡಿಕೆ ಕುಸಿದಾಗ ಐಬಾರ್ ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ಬಂದೂಕಿನ ನಳಿಗೆ ಮಾಡಬಲ್ಲ ಕೈಗಳಿಗೆ ಬೈಸಿಕಲ್ಲಿನ ಕೊಳವೆ ಮಾಡುವುದೇನು ಕಷ್ಟ? ಬಂದೂಕು ತಯಾರಿಸುತ್ತಿದ್ದ ಬೆಯ್ಸ್ತೆಗಿ ಸಹೋದರರೂ ಒರ್ಬೆಯಾ ಕಂಪನಿಯವರೂ ಬೈಸಿಕಲ್ ತಯಾರಿಕೆಗೆ ಇಳಿದರು. ಕೆಲಸಗಾರರೇ ಸೇರಿ 1920ರಲ್ಲಿ ಕಟ್ಟಿದ ‘ಆಲ್ಫಾ’ ಎಂಬ ಸಹಕಾರಿ ಸಂಸ್ಥೆ ಮೊದಲು ಬಂದೂಕು ಮಾಡಿ, ಆಮೇಲೆ ಹೊಲಿಗೆ ಯಂತ್ರಗಳತ್ತ ತಿರುಗಿತು. ಕೈಗೆ ಬಂದ ಕಸುಬನ್ನು ಕಾಲಕ್ಕೆ ತಕ್ಕಂತೆ ಬಗ್ಗಿಸಿಕೊಳ್ಳುವುದು, ಹತ್ತು ಜನ ಕೈಸೇರಿಸಿ ಬಂಡವಾಳ ಕೂಡಿಸುವುದು - ಇವೆರಡೂ ಊರಿಗೆ ರೂಢಿಯಾಗಿದ್ದ ಗುಣಗಳು. ಮುಂದಿನ ಕಥೆಯಲ್ಲಿ ಇವೆರಡೂ ಕೆಲಸಕ್ಕೆ ಬರುತ್ತವೆ.

ಸ್ಪೇನಿನ ಅಂತರ್ಯುದ್ಧದಲ್ಲಿ, 1937ರ ಏಪ್ರಿಲ್‌ನಲ್ಲಿ, ಬಾಂಬ್ ದಾಳಿಗೆ ಸಿಕ್ಕು ಊರಿನ ಬಹುಭಾಗ ಹಾಳಾಯಿತು. ಮತ್ತೆ ಮನೆ ಕಟ್ಟಿಕೊಳ್ಳುತ್ತಿದ್ದ ಆ ದಿನಗಳಲ್ಲೇ, 1940ರ ನವೆಂಬರ್‌ನಲ್ಲಿ, ಸ್ಥಳೀಯ ತಂಡಗಳೆರಡನ್ನು ಸೇರಿಸಿ ಈಗಿನ ಐಬಾರ್ ಕ್ಲಬ್ ಸ್ಥಾಪಿಸಿದರು. 1947ರಲ್ಲಿ ಇಪುರುವಾ ಎಂಬ ಆಟದ ಮೈದಾನ ಸಿದ್ಧವಾಯಿತು. ಪಕ್ಕದ ವಸತಿ ಕಟ್ಟಡಗಳ ಮೇಲಂತಸ್ತಿನ ಜನ ಬಾಲ್ಕನಿಯಲ್ಲಿ ನಿಂತು ಆಟ ನೋಡಬಹುದಾದಂಥ ಮೈದಾನ ಅದು! ತಂಡದ ಅಂಗಿ ಬಾರ್ಸಿಲೋನಾದ್ದರಂತೆಯೇ ನೀಲಿ ಮತ್ತು ಕಡುಗೆಂಪು ಪಟ್ಟೆಗಳದ್ದು. ಆಟಗಾರರನ್ನು ಜನ ಕರೆಯುವುದು ಮಾತ್ರ ‘ಬಂದೂಕುಗಾರರು’ ಎಂದೇ.

1988ರಿಂದ 2006ರವರೆಗೆ ಸತತ 18 ಋತು ಎರಡನೆಯ ಡಿವಿಷನ್‌ನಲ್ಲಿ ಉಳಿದದ್ದೇ ಈ ಪುಟ್ಟ ಕ್ಲಬ್ಬಿನ ದೊಡ್ಡ ಸಾಧನೆಯಾಗಿತ್ತು. ದೊಡ್ಡ ಕ್ಲಬ್ಬುಗಳು ತಮ್ಮ ಎಳೆಯ ಆಟಗಾರರನ್ನು ಅನುಭವಕ್ಕಾಗಿ ಇಲ್ಲಿಗೆ ಎರವಲು ಕಳಿಸುವುದೂ ಇತ್ತು. 2010ರಲ್ಲಿ ವಿಶ್ವಕಪ್ ಗೆದ್ದ ಸ್ಪೇನ್ ತಂಡದ ಶಾಬಿ ಅಲೊನ್ಸೊ ಮತ್ತು ಡೇವಿಡ್ ಸಿಲ್ವಾ ಇಬ್ಬರೂ ಹರೆಯದಲ್ಲಿ ಹೀಗೆ ಇಪುರುವಾದ ಕೆಸರಿನಲ್ಲಿ ಆಡಿ ಹೋದವರು. 2009ರಲ್ಲಿ ಐಬಾರ್ ಮೂರನೆಯ ದರ್ಜೆಗೆ ಇಳಿದು ನಾಲ್ಕು ವರ್ಷ ಅಲ್ಲೇ ಉಳಿಯಿತು. ಹಿಂದೆ ಇದೇ ತಂಡದಲ್ಲಿ ಆಡಿದ್ದ ಗೈಸ್ಕಾ ಗರಿತಾನೊ 2012ರಲ್ಲಿ ತರಬೇತುದಾರರಾದರು. 2013ರಲ್ಲಿ ಒಂದು ಬಡ್ತಿ, 2014ರಲ್ಲಿ ಮತ್ತೊಂದು! ಮೇ 25ರಂದು ನೆರೆಯ ಅಲಾವೆಸ್ ತಂಡವನ್ನು 1-0ಯಿಂದ ಸೋಲಿಸಿದ ದಿನ ಲಾ ಲಿಗಾದ ಬಾಗಿಲು ತೆರೆಯಿತು.

ಪಾಸಾದರೂ ಫೇಲು?

ಇಲ್ಲಿಂದ ಮುಂದೆ ಕಾನೂನಿನ ಪ್ರವೇಶ. ಸ್ಪೇನಿನ ಕ್ಲಬ್ಬುಗಳು ಮಿತಿಮೀರಿ ಸಾಲ ಮಾಡುತ್ತಿದ್ದುದನ್ನು ತಡೆಯಲು 1990ರಲ್ಲಿ ಅಲ್ಲಿನ ಸರ್ಕಾರ ಒಂದು ಕ್ರೀಡಾ ಕಾನೂನು ತಂದಿತು. ಅದರಂತೆ ವೃತ್ತಿಪರ ಕ್ಲಬ್ಬುಗಳು ಷೇರು ಬಂಡವಾಳವುಳ್ಳ ಕಂಪನಿಗಳಾಗಬೇಕಾಯಿತು. ರಿಯಾಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಥ್ಲೆಟಿಕ್ ಬಿಲ್ಬಾವೊ ಮತ್ತು ಒಸಾಸುನಾ ಎಂಬ ನಾಲ್ಕು ಕ್ಲಬ್ಬುಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಕಂಪನಿಯ ಬಂಡವಾಳ ಕನಿಷ್ಠ ಎಷ್ಟಿರಬೇಕೆಂಬುದನ್ನು 1999ರ ಒಂದು ರಾಜಾಜ್ಞೆ ನಿಗದಿ ಮಾಡಿತು. ಎರಡನೆಯ ಡಿವಿಷನ್ನಿನ ಎಲ್ಲ ಕ್ಲಬ್ಬುಗಳ ಖರ್ಚನ್ನು ತೆಗೆದುಕೊಂಡು, ಅತಿ ಹೆಚ್ಚು ಖರ್ಚಿನ ಎರಡನ್ನೂ ಅತಿ ಕಡಿಮೆ ಖರ್ಚಿನ ಎರಡನ್ನೂ ಬಿಟ್ಟು, ಉಳಿದವುಗಳ ಸರಾಸರಿ ಕಂಡುಹಿಡಿಯಬೇಕು. ಆ ಸರಾಸರಿಯ ಶೇಕಡ 25ರಷ್ಟು ಬಂಡವಾಳ ಕ್ಲಬ್ಬಿನಲ್ಲಿರಬೇಕು.

ಐಬಾರ್‌ಗೆ ಈ ಲೆಕ್ಕದಂತೆ ಬೇಕಾದದ್ದು 21,46,525.95 ಯೂರೋ. ಇದ್ದದ್ದು 4,22,253 ಯೂರೋ. ಕೊರತೆ 17,24,272.95 ಯೂರೋ. 2014ರ ಆಗಸ್ಟ್ 6 ಕೊನೆಯ ದಿನಾಂಕ. ಅಷ್ಟರೊಳಗೆ ಹಣ ಕೂಡಿಸದಿದ್ದರೆ ತಂಡ ಮೂರನೆಯ ದರ್ಜೆಗೆ.

ಈ ಅಂಕಿಗಳನ್ನು ವಿದ್ಯಾರ್ಥಿಗಳು ಸ್ವಲ್ಪ ನಿಧಾನವಾಗಿ ನೋಡಬೇಕು. ಬೇಕಾದ ಬಂಡವಾಳ ಸರಾಸರಿಯ ನಾಲ್ಕನೆಯ ಒಂದು ಭಾಗವಾದರೆ, ಸರಾಸರಿ ಖರ್ಚು ಸುಮಾರು 86 ಲಕ್ಷ ಯೂರೋ ಎಂದಾಯಿತು. ಐಬಾರ್ ಖರ್ಚು ಮಾಡುತ್ತಿದ್ದುದು ಅದರ ಅರ್ಧಕ್ಕಿಂತ ಕಡಿಮೆ. ಸರಾಸರಿ ಎಂಬುದು ಗುಂಪಿನ ಗುಣವನ್ನು ಹೇಳುತ್ತದೆಯೇ ಹೊರತು ಒಬ್ಬೊಬ್ಬರ ಗುಣವನ್ನಲ್ಲ. ಬೀದಿಯಲ್ಲಿ ಹತ್ತು ಮನೆಗಳಿದ್ದು ಒಂಬತ್ತು ಮನೆಗಳವರು ಸಾಲ ಮಾಡಿ ಅದ್ದೂರಿಯಾಗಿ ಮದುವೆ ಮಾಡಿದರೆ ಬೀದಿಯ ಸರಾಸರಿ ಖರ್ಚು ಏರುತ್ತದೆ. ಹತ್ತನೆಯ ಮನೆಯವರು ದೇವಸ್ಥಾನದಲ್ಲಿ ಸರಳವಾಗಿ ಮದುವೆ ಮುಗಿಸಿದ್ದರೂ ಅವರ ಯೋಗ್ಯತೆಯನ್ನು ಅದೇ ಸರಾಸರಿಯಿಂದ ಅಳೆದಂತಾಗುತ್ತದೆ. ಸಾಲ ಮಾಡುವವರನ್ನು ಹಿಡಿಯಲೆಂದು ಹೆಣೆದ ಬಲೆಗೆ ಸಾಲವೇ ಇಲ್ಲದ ಕ್ಲಬ್ ಸಿಕ್ಕಿಬಿದ್ದದ್ದು ಹೀಗೆ.

ಹಾಗೆಂದು ಕಾನೂನು ತೀರ ಕುರುಡೆನ್ನುವಂತಿಲ್ಲ. ಎರಡು ತುದಿಯ ಅಂಕಿಗಳನ್ನು ಬಿಟ್ಟು ಸರಾಸರಿ ತೆಗೆಯುವುದು ಸಂಖ್ಯಾಶಾಸ್ತ್ರದಲ್ಲಿ ಒಪ್ಪಿತವಾದ ಕ್ರಮವೇ. ಬಂಡವಾಳವಿಲ್ಲದ ಕಂಪನಿ ಒಂದು ಕೆಟ್ಟ ವರ್ಷ ಬಂದರೆ ಆಟಗಾರರ ಸಂಬಳ ಕೊಡಲಾಗದೆ ಮುಳುಗಬಹುದು ಎಂಬ ಎಚ್ಚರಿಕೆ ಅದರ ಹಿಂದಿತ್ತು. ತೊಂದರೆಯೆಂದರೆ, ಆ ಅಳತೆಗೋಲು ಖರ್ಚಿನ ಗಾತ್ರವನ್ನು ನೋಡುತ್ತಿತ್ತು, ಖರ್ಚು ಮಾಡುವವರ ಜಾಗ್ರತೆಯನ್ನು ನೋಡುತ್ತಿರಲಿಲ್ಲ.

ಹನಿಗೂಡಿ ಹಳ್ಳ

ಕ್ಲಬ್ಬಿನ ಅಧ್ಯಕ್ಷ ಅಲೆಕ್ಸ್ ಅರಾನ್ಸಾಬಾಲ್ ಮತ್ತು ಸಂಗಡಿಗರ ಮುಂದೆ ಸುಲಭದ ದಾರಿಯೊಂದಿತ್ತು. ಯಾರಾದರೂ ಒಬ್ಬ ಹಣವಂತನಿಗೆ ಕ್ಲಬ್ಬನ್ನು ಒಪ್ಪಿಸಿದ್ದರೆ ಒಂದೇ ಸಹಿಯಲ್ಲಿ ಕೊರತೆ ತುಂಬುತ್ತಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ‘ಐಬಾರನ್ನು ಕಾಪಾಡಿ’ ಎಂಬ ಅರ್ಥದ ಹೆಸರಿಟ್ಟು ಜನಸಾಮಾನ್ಯರಿಗೇ ಷೇರು ಮಾರಲು ಹೊರಟರು. ಒಂದು ಷೇರಿನ ಬೆಲೆ 50 ಯೂರೋ. ಒಬ್ಬ ವ್ಯಕ್ತಿ ಒಂದು ಲಕ್ಷ ಯೂರೋಗಿಂತ ಹೆಚ್ಚು ಹಾಕುವಂತಿಲ್ಲ ಎಂಬ ಕಟ್ಟುಪಾಡನ್ನೂ ವಿಧಿಸಿಕೊಂಡರು. ಹಣ ಬೇಕೇಬೇಕಾದ ಹೊತ್ತಿನಲ್ಲಿ ಹೆಚ್ಚು ಹಣ ಬೇಡವೆನ್ನುವುದಕ್ಕೆ ಧೈರ್ಯ ಬೇಕು. ಕ್ಲಬ್ ಒಬ್ಬರ ಸ್ವತ್ತಾಗಬಾರದು, ಊರಿನ ಸ್ವತ್ತಾಗಿಯೇ ಉಳಿಯಬೇಕೆಂಬುದು ಅವರ ಆಶಯ.

ಲೆಕ್ಕ ಹಾಕಿ ನೋಡಿ. ಕೊರತೆಯನ್ನು 50ರಿಂದ ಭಾಗಿಸಿದರೆ 34,486 ಷೇರುಗಳು ಮಾರಾಟವಾಗಬೇಕು. ಊರಿನಲ್ಲಿರುವುದೇ 27 ಸಾವಿರ ಜನ. ತೊಟ್ಟಿಲ ಕೂಸಿನಿಂದ ಹಿಡಿದು ಹಣ್ಣುಹಣ್ಣು ಮುದುಕರವರೆಗೆ ತಲೆಗೊಂದು ಷೇರು ಕೊಂಡರೂ ಸಾಲದು. ಆದ್ದರಿಂದ ಊರ ಹೊರಗಿನವರನ್ನೂ ಕೇಳಬೇಕಾಯಿತು. ಅಂತರ್ಜಾಲದ ಮೂಲಕ ಸುದ್ದಿ ಹಬ್ಬಿ, ಐಬಾರ್ ಎಲ್ಲಿದೆಯೆಂದು ನಕಾಶೆಯಲ್ಲಿ ತೋರಿಸಲಾರದವರೂ ದೂರದ ದೇಶಗಳಿಂದ ಷೇರು ಕೊಂಡರು. ಶಾಬಿ ಅಲೊನ್ಸೊ, ಡೇವಿಡ್ ಸಿಲ್ವಾ ಮುಂತಾದವರು ತಮ್ಮ ಹಳೆಯ ತಂಡವನ್ನು ಮರೆಯದೆ ಬೆಂಬಲಕ್ಕೆ ನಿಂತರು. ಬಹುಪಾಲು ಜನ ಕೊಂಡದ್ದು ಚಿಕ್ಕ ಮೊತ್ತದ ಷೇರುಗಳನ್ನೇ. ಗಡುವಿಗೆ ಇನ್ನೂ ದಿನಗಳಿರುವಾಗಲೇ, ಜುಲೈ ತಿಂಗಳಲ್ಲಿ, ಬೇಕಾದ ಹಣ ಕೂಡಿತು. ಪಾಸಾದ ವಿದ್ಯಾರ್ಥಿಗೆ ಕೊನೆಗೂ ಮೇಲಿನ ತರಗತಿಯ ಬಾಗಿಲು ತೆರೆಯಿತು.

ಮೊದಲ ಪಾಠ, ಮೊದಲ ಗೋಲು

ಆ ತರಗತಿಯಲ್ಲಿ ಎಂಥ ಸಹಪಾಠಿಗಳು! ರಿಯಾಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾಗಳ ವಾರ್ಷಿಕ ಆದಾಯ ತಲಾ 50 ಕೋಟಿ ಯೂರೋ ಮೀರಿತ್ತು. ಐಬಾರ್‌ನ ಇಡೀ ವರ್ಷದ ಆಯವ್ಯಯ ಎರಡು ಕೋಟಿಯನ್ನೂ ಮುಟ್ಟುತ್ತಿರಲಿಲ್ಲ. ದೂರದರ್ಶನ ಪ್ರಸಾರದ ಹಕ್ಕುಗಳನ್ನು ಆಗ ಕ್ಲಬ್ಬುಗಳು ಬೇರೆಬೇರೆಯಾಗಿ ಮಾರಿಕೊಳ್ಳುತ್ತಿದ್ದುದರಿಂದ ಆ ಹಣದ ಸಿಂಹಪಾಲು ಇಬ್ಬರು ದೊಡ್ಡವರಿಗೇ ಹೋಗುತ್ತಿತ್ತು. ಎಲ್ಲ ಕ್ಲಬ್ಬುಗಳ ಹಕ್ಕನ್ನು ಒಟ್ಟಾಗಿ ಮಾರಿ ಹಂಚಬೇಕೆಂಬ ಆಜ್ಞೆ ಸ್ಪೇನಿನಲ್ಲಿ ಬಂದದ್ದು 2015ರಲ್ಲಿ. ಇಪುರುವಾದಲ್ಲಿ ಹಿಡಿಸುತ್ತಿದ್ದವರು ಐದು ಸಾವಿರಕ್ಕೂ ಸ್ವಲ್ಪ ಹೆಚ್ಚು ಜನ. ಬಾರ್ಸಿಲೋನಾದ ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ ಆಗ ಐಬಾರ್ ಪಟ್ಟಣದ ಅಷ್ಟೂ ಜನರನ್ನು ಮೂರು ಸಲ ಕೂರಿಸಬಹುದಿತ್ತು.

ಐಬಾರ್ ಕೋಟಿ ಸುರಿದು ತಾರೆಗಳನ್ನು ಕೊಳ್ಳಲಿಲ್ಲ. ಬಡ್ತಿ ತಂದುಕೊಟ್ಟ ಆಟಗಾರರಲ್ಲಿ ಹಲವರನ್ನು ಉಳಿಸಿಕೊಂಡು, ಬೇರೆಡೆ ಒಪ್ಪಂದ ಮುಗಿದವರನ್ನೂ ಎರವಲು ಸಿಕ್ಕವರನ್ನೂ ಸೇರಿಸಿಕೊಂಡಿತು. ಗೋಲ್‌ಕೀಪರ್ ಶಾಬಿ ಇರುರೆತಾ, ಮಧ್ಯದಲ್ಲಿ ಡಾನಿ ಗಾರ್ಸಿಯಾ, ಪಕ್ಕದಲ್ಲಿ ಓಡುವ ಅಂದೆರ್ ಕಾಪಾ, ಮುಂದೆ ಮಿಕೆಲ್ ಅರ್ರುಅಬರ್ರೆನಾ - ಯಾವುದೂ ಜಗತ್ತಿನ ಕ್ರೀಡಾಪುಟಗಳಲ್ಲಿ ಮಿನುಗುತ್ತಿದ್ದ ಹೆಸರಲ್ಲ.

2014ರ ಆಗಸ್ಟ್ 24. ಲಾ ಲಿಗಾದಲ್ಲಿ ಐಬಾರ್‌ನ ಚೊಚ್ಚಲ ಪಂದ್ಯ. ಎದುರಾಳಿ ಅದೇ ಪ್ರಾಂತದ ದೊಡ್ಡಣ್ಣ, ಸಾನ್ ಸೆಬಾಸ್ಟಿಯನ್ನಿನ ರಿಯಾಲ್ ಸೊಸಿಯೆದಾದ್. ಹಿಂದೆ ಅಲೊನ್ಸೊನನ್ನು ಐಬಾರ್‌ಗೆ ಎರವಲು ಕೊಟ್ಟಿದ್ದ ಕ್ಲಬ್ಬೇ ಅದು. ಮೊದಲರ್ಧ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ಐಬಾರ್‌ಗೆ ಫ್ರೀ ಕಿಕ್ ಸಿಕ್ಕಿತು. ಹಾವಿ ಲಾರಾ ಒದ್ದ ಚೆಂಡು ನೇರ ಬಲೆಗೆ ಬಿತ್ತು. ಆಮೇಲೆ ಪೂರ್ತಿ ಒಂದರ್ಧ ಹಿಡಿದು ನಿಂತು ಐಬಾರ್ 1-0ಯಿಂದ ಗೆದ್ದಿತು. ಸೋತ ಸೊಸಿಯೆದಾದ್ ತಂಡ ಸಾಮಾನ್ಯವಾದದ್ದಲ್ಲ. ಒಂದೇ ವಾರದ ಬಳಿಕ ಅದು ರಿಯಾಲ್ ಮ್ಯಾಡ್ರಿಡ್ಡನ್ನು 4-2ರಿಂದ ಮಣಿಸಿತು!

ಫ್ರೀ ಕಿಕ್ ಎಂಬುದು ಬಡ ತಂಡದ ಬ್ರಹ್ಮಾಸ್ತ್ರ. ಓಡಾಡಿ ಎದುರಾಳಿಗಳನ್ನು ದಾಟುವ ಪ್ರಮೇಯವಿಲ್ಲ. ಚೆಂಡು ನೆಲದ ಮೇಲೆ ಸುಮ್ಮನೆ ಕೂತಿರುತ್ತದೆ, ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕು. ಚೆಂಡಿನ ತೂಕ 410ರಿಂದ 450 ಗ್ರಾಂ. ಅದರ ನಡುವಿಗೆ ಸರಿಯಾಗಿ ಒದೆಯದೆ ಒಂದು ಬದಿಗೆ ಒದ್ದರೆ ಚೆಂಡು ಮುಂದೆ ಹೋಗುತ್ತಲೇ ಬುಗುರಿಯಂತೆ ತಿರುಗುತ್ತದೆ. ತಿರುಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಒಂದು ಪಕ್ಕಕ್ಕೆ ಹೆಚ್ಚಾಗಿ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಗಾಳಿಯೂ ಚೆಂಡನ್ನು ಎದುರು ಪಕ್ಕಕ್ಕೆ ತಳ್ಳುತ್ತದೆ. ಚೆಂಡು ನೇರ ದಾರಿ ಬಿಟ್ಟು ಬಾಗುವುದು ಇದರಿಂದ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಮ್ಯಾಗ್ನಸ್‌ನ ಹೆಸರಿನಿಂದ ಇದನ್ನು ಮ್ಯಾಗ್ನಸ್ ಪರಿಣಾಮ ಎನ್ನುತ್ತಾರೆ. ಈ ನಿಯಮಕ್ಕೆ ಶ್ರೀಮಂತ ಕ್ಲಬ್ ಬಡ ಕ್ಲಬ್ ಎಂಬ ಭೇದವಿಲ್ಲ. ಬೇಕಾದದ್ದು ಪಾದದ ಅಭ್ಯಾಸ ಮಾತ್ರ.

ಎರಡನೆಯ ಪಂದ್ಯ ಆಗಿನ ಚಾಂಪಿಯನ್ ಅಟ್ಲೆಟಿಕೊ ಮ್ಯಾಡ್ರಿಡ್‌ನ ಅಂಗಳದಲ್ಲಿ. ಐಬಾರ್ 1-2ರಿಂದ ಸೋತರೂ ಮಾನ ಕಳೆದುಕೊಳ್ಳಲಿಲ್ಲ. ಅಕ್ಟೋಬರ್‌ನಲ್ಲಿ ಬಾರ್ಸಿಲೋನಾ 3-0ಯಿಂದ, ನವೆಂಬರ್‌ನಲ್ಲಿ ಇಪುರುವಾಕ್ಕೇ ಬಂದ ರಿಯಾಲ್ ಮ್ಯಾಡ್ರಿಡ್ 4-0ಯಿಂದ ಪಾಠ ಕಲಿಸಿದವು. ಆದರೆ ತನಗೆ ಸರಿಸಮನಾದ ತಂಡಗಳೆದುರು ಐಬಾರ್ ಅಂಕಗಳನ್ನು ಹನಿಹನಿಯಾಗಿ ಕೂಡಿಸುತ್ತಲೇ ಇತ್ತು.

27 ಮತ್ತು 8

ಲಾ ಲಿಗಾದಲ್ಲಿ 20 ತಂಡಗಳು. ಪ್ರತಿ ತಂಡ ಉಳಿದ 19 ತಂಡಗಳೊಡನೆ ಎರಡೆರಡು ಸಲ, ಒಟ್ಟು 38 ಪಂದ್ಯ ಆಡುತ್ತದೆ. ಗೆದ್ದರೆ 3 ಅಂಕ, ಡ್ರಾ ಆದರೆ 1, ಸೋತರೆ ಸೊನ್ನೆ. ಕೊನೆಯ ಮೂರು ತಂಡಗಳಿಗೆ ಹಿಂಬಡ್ತಿ. ಮೊದಲ 19 ಪಂದ್ಯಗಳು ಮುಗಿದಾಗ ಐಬಾರ್ ಬಳಿ 27 ಅಂಕಗಳಿದ್ದವು. ಪಟ್ಟಿಯ ಮೇಲರ್ಧದಲ್ಲಿ, ತನಗಿಂತ ಹೆಚ್ಚು ಖರ್ಚು ಮಾಡುವ ತಂಡಗಳಿಗಿಂತ ಮೇಲೆ, ಈ ಹೊಸಬರ ಹೆಸರಿತ್ತು.

ತ್ರೈರಾಶಿ ಕಲಿತ ಹುಡುಗ ಇದನ್ನು ನೋಡಿ ಥಟ್ಟನೆ ಹೇಳಿಯಾನು: 19 ಪಂದ್ಯಕ್ಕೆ 27 ಆದರೆ 38 ಪಂದ್ಯಕ್ಕೆ 54! ಲೆಕ್ಕ ಸರಿ, ಉತ್ತರ ತಪ್ಪು. ತ್ರೈರಾಶಿ ನಡೆಯುವುದು ಪರಿಸ್ಥಿತಿ ಬದಲಾಗದೆ ಇದ್ದಾಗ ಮಾತ್ರ. ಇಲ್ಲಿ ಪರಿಸ್ಥಿತಿ ಬದಲಾಯಿತು. ಹೊಸ ತಂಡದ ಆಟದ ರೀತಿ ಮೊದಲ ಸುತ್ತಿನಲ್ಲಿ ಎದುರಾಳಿಗಳಿಗೆ ಅಪರಿಚಿತ. ಎರಡನೆಯ ಸುತ್ತಿಗೆ ಅವರು ಅದನ್ನು ಅಭ್ಯಾಸ ಮಾಡಿ ಬಂದಿರುತ್ತಾರೆ. 2015ರ ಜನವರಿಯಲ್ಲಿ ರಕ್ಷಣೆಯ ಆಧಾರಸ್ತಂಭವಾಗಿದ್ದ ರೌಲ್ ಅಲ್ಬೆಂತೊಸಾ ಇಂಗ್ಲೆಂಡಿನ ಡರ್ಬಿ ಕೌಂಟಿ ಕ್ಲಬ್ಬಿಗೆ ಹೊರಟುಹೋದ. ಶ್ರೀಮಂತ ಕ್ಲಬ್ಬಿನಲ್ಲಿ ಒಬ್ಬ ಹೋದರೆ ಅಂಥವರೇ ಇಬ್ಬರು ಬೆಂಚಿನ ಮೇಲೆ ಕಾದಿರುತ್ತಾರೆ. ಐಬಾರ್‌ನಲ್ಲಿ ಹಾಗಿರಲಿಲ್ಲ. ಒಂದರ ಮೇಲೊಂದು ಸೋಲು. ಎರಡನೆಯ 19 ಪಂದ್ಯಗಳಲ್ಲಿ ಗಳಿಸಿದ್ದು ಬರೀ 8 ಅಂಕ.

ಮೇ 23, 2015. ಕೊನೆಯ ದಿನ. ಐಬಾರ್ ತನ್ನ ಅಂಗಳದಲ್ಲಿ ಕೊರ್ದೊಬಾ ತಂಡವನ್ನು 3-0ಯಿಂದ ಸೋಲಿಸಿ ತನ್ನ ಕೆಲಸ ಮುಗಿಸಿತು. ಆದರೆ ಅದರ ಭವಿಷ್ಯ ಬೇರೆ ಊರುಗಳಲ್ಲಿ ನಿರ್ಧಾರವಾಗಬೇಕಿತ್ತು. ಬಾರ್ಸಿಲೋನಾದಲ್ಲಿ ದೆಪೊರ್ತಿವೊ ಲಾ ಕೊರುನ್ಯಾ ತಂಡ ಎರಡು ಗೋಲು ಹಿಂದಿದ್ದು, ಆಮೇಲೆ ಎರಡನ್ನೂ ತೀರಿಸಿ 2-2 ಡ್ರಾ ಮಾಡಿಕೊಂಡಿತು. ಗ್ರನಾಡಾ ತಂಡ ಅಟ್ಲೆಟಿಕೊ ಎದುರು ಗೋಲಿಲ್ಲದ ಡ್ರಾ ಸಾಧಿಸಿತು. ಫಲವಾಗಿ ದೆಪೊರ್ತಿವೊ, ಗ್ರನಾಡಾ, ಐಬಾರ್ ಮೂರೂ ತಂಡಗಳಿಗೆ 35 ಅಂಕ! ಮೂವರಲ್ಲಿ ಒಬ್ಬರು ಇಳಿಯಲೇಬೇಕು.

ಸಮ ಅಂಕ, ಅಸಮ ಫಲ

ಈ ಮೂರು ತಂಡಗಳ ಅಂಕಪಟ್ಟಿ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕುತೂಹಲಕರ ಸಂಗತಿ ಕಾಣುತ್ತದೆ. ದೆಪೊರ್ತಿವೊ ಮತ್ತು ಗ್ರನಾಡಾ ತಲಾ 7 ಪಂದ್ಯ ಗೆದ್ದು 14 ಡ್ರಾ ಮಾಡಿಕೊಂಡಿದ್ದವು. ಐಬಾರ್ 9 ಗೆದ್ದು 8 ಡ್ರಾ ಮಾಡಿಕೊಂಡಿತ್ತು. ಗುಣಿಸಿ ಕೂಡಿದರೆ ಎಲ್ಲರದೂ 35. ಗೆಲುವಿನಲ್ಲಿ ಐಬಾರ್‌ನದೇ ಮೇಲುಗೈ. ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದರೆ ಐಬಾರ್‌ಗೆ ಉಳಿದದ್ದು ಋಣ 21, ದೆಪೊರ್ತಿವೊಗೆ ಋಣ 25, ಗ್ರನಾಡಾಕ್ಕೆ ಋಣ 35. ಈ ಲೆಕ್ಕದಲ್ಲೂ ಐಬಾರೇ ಮೇಲು. ಗೋಲು ವ್ಯತ್ಯಾಸವನ್ನು ಮೊದಲು ನೋಡುವ ಇಂಗ್ಲೆಂಡಿನ ಪದ್ಧತಿ ಸ್ಪೇನಿನಲ್ಲಿದ್ದಿದ್ದರೆ ಅದು ಉಳಿದುಕೊಳ್ಳುತ್ತಿತ್ತು.

ಸ್ಪೇನಿನ ನಿಯಮ ಬೇರೆ. ಅಂಕ ಸಮವಾದಾಗ ಆ ತಂಡಗಳು ತಮ್ಮತಮ್ಮಲ್ಲೇ ಆಡಿದ ಪಂದ್ಯಗಳ ಫಲಿತಾಂಶವನ್ನು ಮೊದಲು ನೋಡುತ್ತಾರೆ. ಮೂವರ ನಡುವಿನ ಆ ಪುಟ್ಟ ಲೆಕ್ಕದಲ್ಲಿ ಐಬಾರ್ ಹಿಂದಿತ್ತು. ಋತು ಆರಂಭವಾಗುವ ಮೊದಲೇ ಎಲ್ಲರಿಗೂ ಗೊತ್ತಿದ್ದ ನಿಯಮವಾದ್ದರಿಂದ ಅನ್ಯಾಯವಾಯಿತೆಂದು ದೂರುವಂತೆಯೂ ಇರಲಿಲ್ಲ. 18ನೆಯ ಸ್ಥಾನ. ಹಿಂಬಡ್ತಿ. ಒಂದು ವರ್ಷದ ಕನಸು ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ಭಾವಿಸಿದರು. ಎರಡು ಬಡ್ತಿ ತಂದುಕೊಟ್ಟಿದ್ದ ಗರಿತಾನೊ ತರಬೇತುದಾರನ ಹುದ್ದೆ ಬಿಟ್ಟರು.

ಕಾನೂನಿನ ಇನ್ನೊಂದು ಮುಖ

ಆ ಋತುವಿನಲ್ಲಿ ಎಲ್ಚೆ ಎಂಬ ಕ್ಲಬ್ 41 ಅಂಕ ಗಳಿಸಿ 13ನೆಯ ಸ್ಥಾನದಲ್ಲಿತ್ತು. ಆಟದ ಲೆಕ್ಕದಲ್ಲಿ ಅದಕ್ಕೆ ಯಾವ ಅಪಾಯವೂ ಇರಲಿಲ್ಲ. ಆದರೆ ಕ್ಲಬ್ಬಿನ ಮೇಲೆ ತೀರಿಸಲಾಗದ ಬಾಕಿಗಳಿದ್ದವು. ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯನ್ನೂ ಕಟ್ಟಿರಲಿಲ್ಲ. ಸ್ಪೇನಿನ ಕ್ಲಬ್ಬುಗಳ ಹಣಕಾಸಿನ ಮೇಲೆ ಲೀಗ್ ಆಡಳಿತ ಕಣ್ಣಿಡಲು ಆರಂಭಿಸಿದ್ದ ಕಾಲ ಅದು. 2015ರ ಜೂನ್ 5ರಂದು ತೀರ್ಪು ಬಂತು: ಸಾಲದ ಕಾರಣಕ್ಕೆ ಎಲ್ಚೆಗೆ ಹಿಂಬಡ್ತಿ. ತೆರವಾದ ಜಾಗ ಇಳಿದವರಲ್ಲಿ ಮೇಲಿದ್ದ ತಂಡಕ್ಕೆ, ಅಂದರೆ ಐಬಾರ್‌ಗೆ!

ಹಿಂದಿನ ವರ್ಷ ಬಂಡವಾಳ ಸಾಲದೆಂದು ಸಾಲವಿಲ್ಲದ ಕ್ಲಬ್ಬನ್ನು ಬಾಗಿಲಲ್ಲಿ ತಡೆದದ್ದೂ ಹಣಕಾಸಿನ ಶಿಸ್ತಿನ ಹೆಸರಿನಲ್ಲೇ. ಈ ವರ್ಷ ಅದನ್ನು ಒಳಕ್ಕೆ ಕರೆದದ್ದೂ ಅದೇ ಶಿಸ್ತಿನ ಹೆಸರಿನಲ್ಲಿ. ಅದೃಷ್ಟ ಎನ್ನುವವರು ಎನ್ನಬಹುದು. ಆದರೆ 2014ರಲ್ಲಿ ಐಬಾರ್ ಸಾಲ ತಂದು ಕೊರತೆ ತುಂಬಿದ್ದರೆ, ಇಲ್ಲವೇ ಮೊದಲ ವರ್ಷದ ಹುಮ್ಮಸ್ಸಿನಲ್ಲಿ ‘ಸಾಲ ಮಾಡಿಯಾದರೂ ತುಪ್ಪ ತಿನ್ನು’ ಎಂದು ಆಟಗಾರರನ್ನು ಕೊಂಡಿದ್ದರೆ, 2015ರಲ್ಲಿ ತೆರೆದ ಆ ಬಾಗಿಲಿನ ಮುಂದೆ ನಿಲ್ಲುವ ಅರ್ಹತೆ ಅದಕ್ಕೆ ಇರುತ್ತಿತ್ತೇ? ಎಲ್ಚೆಯ ಆಟಗಾರರ ಬಗ್ಗೆಯೂ ಇಲ್ಲಿ ಮರುಕವಾಗುತ್ತದೆ. ಮೈದಾನದಲ್ಲಿ ಅವರು ಬೆವರು ಸುರಿಸಿ ಗಳಿಸಿದ್ದನ್ನು ಕಚೇರಿಯಲ್ಲಿ ಕುಳಿತವರ ಲೆಕ್ಕ ಕಳೆದುಹಾಕಿತು. ಮನೆಯ ಹಿರಿಯರ ಸಾಲ ಮಕ್ಕಳ ಹೆಗಲಿಗೆ ಬರುವುದು ಫುಟ್‌ಬಾಲಿನಲ್ಲಿ ಮಾತ್ರವಲ್ಲ.

ಆಮೇಲಿನ ವರ್ಷಗಳು

ಸಿಕ್ಕ ಎರಡನೆಯ ಅವಕಾಶವನ್ನು ಐಬಾರ್ ಹಾಳುಮಾಡಿಕೊಳ್ಳಲಿಲ್ಲ. ಒಂದು ದಶಕದ ಹಿಂದೆ ಇದೇ ತಂಡವನ್ನು ತರಬೇತುಗೊಳಿಸಿದ್ದ ಹೊಸೆ ಲೂಯಿಸ್ ಮೆಂದಿಲಿಬಾರ್ 2015ರಲ್ಲಿ ಮರಳಿ ಬಂದರು. ಕಿರಿದಾದ ಮೈದಾನದಲ್ಲಿ ಎದುರಾಳಿಗೆ ಉಸಿರಾಡಲು ಬಿಡದೆ ಮೇಲೇರಿ ಒತ್ತುವ ಆಟವನ್ನು ರೂಢಿಸಿದರು. 2016ರಲ್ಲಿ ಅರಾನ್ಸಾಬಾಲ್ ಅವರ ನಂತರ ಅಮಾಯಾ ಗೊರೊಸ್ತಿಸಾ ಎಂಬ ಮಹಿಳೆ ಅಧ್ಯಕ್ಷೆಯಾದರು. 2017-18ರಲ್ಲಿ ತಂಡ 9ನೆಯ ಸ್ಥಾನಕ್ಕೇರಿತು. 2018ರ ನವೆಂಬರ್ 24ರಂದು ಇಪುರುವಾಕ್ಕೆ ಬಂದ ರಿಯಾಲ್ ಮ್ಯಾಡ್ರಿಡ್ 3-0ಯಿಂದ ಸೋತು ಹಿಂತಿರುಗಿತು. ನಾಲ್ಕು ವರ್ಷ ಹಿಂದೆ ಅದೇ ಅಂಗಳದಲ್ಲಿ ಅದು ನಾಲ್ಕು ಗೋಲು ಹೊಡೆದು ಹೋಗಿತ್ತೆಂಬುದು ಐಬಾರ್ ಜನಕ್ಕೆ ಮರೆತಿರಲಾರದು. ಕ್ರೀಡಾಂಗಣವನ್ನೂ ಹಂತಹಂತವಾಗಿ, ಸುಮಾರು 8 ಸಾವಿರ ಜನರಿಗೆ ಸಾಕಾಗುವಷ್ಟು ಮಾತ್ರ ವಿಸ್ತರಿಸಿದರು.

ಸತತ ಏಳು ಋತುಗಳ ನಂತರ, 2021ರಲ್ಲಿ, ಐಬಾರ್ ಕೊನೆಯ ಸ್ಥಾನ ಗಳಿಸಿ ಎರಡನೆಯ ಡಿವಿಷನ್‌ಗೆ ಮರಳಿತು. ಕೊರೊನಾ ಸಾಂಕ್ರಾಮಿಕದಿಂದಾಗಿ ಆ ಋತುವಿನಲ್ಲಿ ಇಪುರುವಾದ ಆಸನಗಳು ಖಾಲಿಯಿದ್ದವು. 27 ಸಾವಿರ ಜನರ ಊರಿಗೆ ಏಳು ವರ್ಷವೆಂಬುದು ಅಲ್ಪಕಾಲವೇನಲ್ಲ.

ಈ ಚೊಚ್ಚಲ ವರ್ಷದ ಕಥೆಯಲ್ಲಿ ಹಿರಿಯರಿಗೂ ಕಿರಿಯರಿಗೂ ಒಂದೊಂದು ಪಾಠವಿದೆ. ಅರ್ಧ ವರ್ಷದ ಪರೀಕ್ಷೆಯಲ್ಲಿ ಬಂದ ಅಂಕಗಳನ್ನು ಎರಡರಿಂದ ಗುಣಿಸಿ ವರ್ಷದ ಫಲಿತಾಂಶವೆಂದು ನಂಬಿ ಕೂತರೆ ಏನಾಗುತ್ತದೆಂಬುದನ್ನು 27 ಮತ್ತು 8 ಎಂಬ ಎರಡು ಸಂಖ್ಯೆಗಳು ವಿದ್ಯಾರ್ಥಿಗಳಿಗೆ ಹೇಳುತ್ತವೆ. ನೆರೆಯವರ ಸರಾಸರಿ ನೋಡಿ ತಮ್ಮ ಖರ್ಚು ನಿರ್ಧರಿಸಬೇಕಾಗಿಲ್ಲ ಎಂಬುದನ್ನು ಕ್ಲಬ್ಬಿನ ಲೆಕ್ಕಪುಸ್ತಕ ಪಾಲಕರಿಗೆ ಹೇಳುತ್ತದೆ. ಐವತ್ತು ಯೂರೋ ಕೊಟ್ಟು ಒಂದೇ ಒಂದು ಷೇರು ಕೊಂಡ ಕೆಲಸಗಾರನೂ ಆ ಕ್ಲಬ್ಬಿಗೆ ಒಡೆಯನೇ. 1920ರಲ್ಲಿ ‘ಆಲ್ಫಾ’ ಸಹಕಾರಿ ಸಂಸ್ಥೆಗೆ ಪಾಲು ಹಾಕಿದ್ದ ಕೆಲಸಗಾರರ ಊರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.